ಬದುವಿನ ಮೇಲೆ ನಿಂತವನಿಗೂ ವಿಮೆ ಬೇಕು: ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಾದ ರಾಮ್ ಮೋಹನ್ ನಾಯ್ಡು ಅವರಿಗೆ ನಮಸ್ಕಾರ.

ನಾನು ಕಲಬುರಗಿ ಜಿಲ್ಲೆಯವನು. ತೊಗರಿ ಹೂವಿಗೆ ಬಂದು ಕಾಯಿಕೊರಕದ ಕಾಟ ಶುರುವಾದರೆ ಸುತ್ತಲಿನ ಊರುಗಳಿಗೆ ಡ್ರೋನ್ ಒಯ್ದು ಔಷಧಿ ಹೊಡೆದುಕೊಡುತ್ತೇನೆ. ಪೈಲಟ್ ಪ್ರಮಾಣಪತ್ರವಿದೆ, ಯಂತ್ರಕ್ಕೆ ನೋಂದಣಿ ಸಂಖ್ಯೆಯಿದೆ, ಹೊರಗಿನವರಿಗೆ ಆಗುವ ಹಾನಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆಯೂ ಇದೆ. ಇಷ್ಟೆಲ್ಲ ಇದ್ದೂ ಕಳೆದ ಹಂಗಾಮಿನಲ್ಲಿ ನನ್ನ ಜೊತೆಗಾರನ ಆಸ್ಪತ್ರೆ ಖರ್ಚಿಗೆ ಒಂದು ರೂಪಾಯಿ ಬರಲಿಲ್ಲ.

ಬೆಳೆದ ತೊಗರಿ ಆಳೆತ್ತರ ಇರುತ್ತದೆ. ಹೊಲದ ಈ ತಲೆಯಲ್ಲಿ ರಿಮೋಟ್ ಹಿಡಿದು ನಿಂತವನಿಗೆ ಆ ತಲೆಯ ಬದು ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಪಂಪ್‌ಸೆಟ್ಟಿಗೆ ಎಳೆದ ತಂತಿ ಇರಬಹುದು, ಬೇವಿನ ಟೊಂಗೆ ಇರಬಹುದು, ದನ ಹೊಡಕೊಂಡು ಬರುವ ಹುಡುಗ ಇರಬಹುದು. ಅದಕ್ಕೇ ಒಬ್ಬ ಆ ಕಡೆ ನಿಂತು ಫೋನಿನಲ್ಲಿ 'ಸಾಕು, ತಿರುಗಿಸು' ಅನ್ನುತ್ತಿರಬೇಕು. ಹತ್ತು ಲೀಟರ್ ಟ್ಯಾಂಕ್ ತುಂಬುವವನೂ ಅವನೇ, ಕೈ ಸುಡುವಷ್ಟು ಕಾದ ಬ್ಯಾಟರಿ ಬಿಚ್ಚಿ ಬೇರೆಯದು ಹಾಕುವವನೂ ಅವನೇ. ಆ ದಿನ ಗಾಳಿ ಒಮ್ಮೆಲೇ ಬೀಸಿತು. ಡ್ರೋನ್ ಟೊಂಗೆಗೆ ತಾಗಿ, ಆ ಕಡೆ ನಿಂತಿದ್ದ ನನ್ನ ಜೊತೆಗಾರನ ಮೇಲೆಯೇ ಇಳಿಯಿತು. ತಲೆ ಉಳಿಸಿಕೊಳ್ಳಲು ಅವನು ಬಲಗೈ ಅಡ್ಡ ಹಿಡಿದ. ರೆಕ್ಕೆ ಮುಂಗೈಯ ನರ ಕತ್ತರಿಸಿತು.

ವಿಮಾ ಕಂಪನಿ ಹೇಳಿದ್ದು ಇಷ್ಟೇ: ಅವನು ನಿಮ್ಮದೇ ಆಳು, ಥರ್ಡ್ ಪಾರ್ಟಿ ಅಲ್ಲ.

2021ರ ಡ್ರೋನ್ ನಿಯಮಗಳು ಪೈಲಟ್‌ಗೆ 18ರಿಂದ 65 ವರ್ಷ ವಯಸ್ಸು, ಹತ್ತನೇ ತರಗತಿ ಪಾಸು, ಮಾನ್ಯತೆ ಪಡೆದ ಸಂಸ್ಥೆಯ ತರಬೇತಿ ಕೇಳುತ್ತವೆ. ಕೇಳಲೇಬೇಕು. ಆದರೆ ಸಹಾಯಕನಿಗೆ ಅಂಥ ಪ್ರಮಾಣಪತ್ರವೇ ಇಲ್ಲ. ಇನ್ನು ವಿಮೆ. 250 ಗ್ರಾಂವರೆಗಿನ ನ್ಯಾನೋ ಡ್ರೋನ್ ಬಿಟ್ಟು ಉಳಿದವಕ್ಕೆ ಮೋಟಾರು ವಾಹನ ಕಾಯ್ದೆಯ ಥರ್ಡ್ ಪಾರ್ಟಿ ವಿಮೆಯನ್ನೇ ಅನ್ವಯಿಸಿದ್ದೀರಿ. ಆ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಸಾರಿಗೆ ವಾಹನದ ಮೇಲಿರುವ ಚಾಲಕನನ್ನೂ ಸಹಕೆಲಸಗಾರನನ್ನೂ ಥರ್ಡ್ ಪಾರ್ಟಿ ಎಂದೇ ಎಣಿಸಿತು. ಲಾರಿಯ ಕ್ಲೀನರ್‌ಗೆ ಹೀಗೆ ಆಸರೆ ಸಿಕ್ಕಿತು. ಡ್ರೋನ್ ಮೇಲೆ ಯಾರು ಕೂರುತ್ತಾರೆ, ಸ್ವಾಮಿ? ನಮ್ಮ ಕೆಲಸಗಾರ ನಿಲ್ಲುವುದು ಬದುವಿನ ಮೇಲೆ. ಲಾರಿಗೆ ಹೊಲಿದ ಅಂಗಿ ನಮಗೆ ಹಿಡಿಸದೆ ಇರುವುದು ಇಲ್ಲೇ.

ಈ ಕೆಲಸಕ್ಕೆ ಇಬ್ಬರು ಬೇಕೆಂಬುದು ಸರ್ಕಾರಕ್ಕೂ ಗೊತ್ತು. 15,000 ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಪೈಲಟ್ ಅಕ್ಕನ ಜೊತೆ ಇನ್ನೊಬ್ಬರಿಗೆ ಸಹಾಯಕರ ತರಬೇತಿಯೂ ಇದೆ. ಯೋಜನೆಗೆ ಕಂಡ ಮನುಷ್ಯ ಕಾನೂನಿಗೆ ಯಾಕೆ ಕಾಣಲಿಲ್ಲ?

2025ರ ಸೆಪ್ಟೆಂಬರಿನಲ್ಲಿ ನಿಮ್ಮ ಸಚಿವಾಲಯ ಜನರ ಮುಂದಿಟ್ಟ ನಾಗರಿಕ ಡ್ರೋನ್ ಮಸೂದೆಯ ಕರಡಿನಲ್ಲಿ ಸಾವಿಗೆ ಎರಡೂವರೆ ಲಕ್ಷ, ತೀವ್ರ ಗಾಯಕ್ಕೆ ಒಂದು ಲಕ್ಷ ರೂಪಾಯಿ ಪರಿಹಾರವೆಂದಿತ್ತು. ಮೋಟಾರು ವಾಹನ ಕಾಯ್ದೆಯಲ್ಲಿ, ತಪ್ಪು ಯಾರದೆಂದು ಕೇಳದೆ ಕೊಡುವ ಪರಿಹಾರವೇ 5 ಲಕ್ಷ ಮತ್ತು ಎರಡೂವರೆ ಲಕ್ಷ. ಮೇಲಿಂದ ಬಿದ್ದದ್ದಕ್ಕೆ ಜೀವದ ಬೆಲೆ ಅರ್ಧವಾಗಬಾರದು.

ಮಸೂದೆಯ ಅಂತಿಮ ರೂಪದಲ್ಲಿ, ಹಾರಾಟದ ಜಾಗದಲ್ಲಿ ಕೆಲಸ ಮಾಡುವ ಸಹಾಯಕರೂ ಥರ್ಡ್ ಪಾರ್ಟಿ ಎಂದು ಒಂದು ಸಾಲು ಬರೆಯಿಸಿ. ಅವರಿಗೆ ನಾಲ್ಕೈದು ದಿನದ ತರಬೇತಿ ಕಡ್ಡಾಯ ಮಾಡಿ, ಅದು ಕನ್ನಡದಲ್ಲೇ ಸಿಗಲಿ. ಪ್ರೀಮಿಯಂ ಸ್ವಲ್ಪ ಏರಿದರೆ ಕಟ್ಟಲು ನಾನು ತಯಾರಿದ್ದೇನೆ.

ನನ್ನ ಜೊತೆಗಾರನ ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಈ ಸಲ ಆ ತಲೆಯಲ್ಲಿ ನಿಲ್ಲುತ್ತಿರುವುದು ಅವನ ತಮ್ಮ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿ ಜಿಲ್ಲೆಯ ಒಬ್ಬ ಡ್ರೋನ್ ಪೈಲಟ್