ಮಗಳಿಗೊಂದು ಪತ್ರ: ಎರಡು ನೋಟ್‌ಬುಕ್‌ಗಳ ವಿಚಾರ

ತೀರ್ಥಹಳ್ಳಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಆಷಾಢದ ಮಳೆ ಹಿಡಿದದ್ದು ಬಿಟ್ಟಿಲ್ಲ. ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಸಬೇಕೆಂದು ನಿನ್ನ ಅಪ್ಪ ಹೊಳ ಆಗುವುದನ್ನೇ ಕಾಯುತ್ತಾ ಜಗುಲಿಯಲ್ಲಿ ಕುಳಿತಿದ್ದಾರೆ. ನನಗೆ ಬಿಡುವು ಸಿಕ್ಕಿದೆ, ಆದ್ದರಿಂದ ಪತ್ರ ಸ್ವಲ್ಪ ಉದ್ದವಾದೀತು.

ಕಳೆದ ವಾರ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಇಂಗ್ಲಿಷ್ ಪಾಠ ಮಾಡುವವಳು ಕನ್ನಡದಲ್ಲಿಯೂ ಪದ್ಯ ಬರೆಯುತ್ತಾ ಕುಳಿತರೆ ಯಾವುದೂ ಕೈಗೆ ಹತ್ತುವುದಿಲ್ಲ, ಎರಡು ದೋಣಿಯ ಮೇಲೆ ಕಾಲಿಟ್ಟವರು ದಡ ಸೇರುವುದಿಲ್ಲ ಎಂದು ಹಿರಿಯರೊಬ್ಬರು ನಿನಗೆ ಬುದ್ಧಿ ಹೇಳಿದರಂತೆ. ಅವರಿಗೆ ನೀನು ಉತ್ತರ ಕೊಡಲಿಲ್ಲವೆಂಬುದು ಒಳ್ಳೆಯದೇ. ಆದರೆ ನೀನು ಈಗ ಪಾಠ ಮಾಡುತ್ತಿರುವ ಬೆಳಗಾವಿಯಲ್ಲಿಯೇ, 1950ರ ದಶಕದಲ್ಲಿ, ಲಿಂಗರಾಜ ಕಾಲೇಜಿನಲ್ಲಿ ಒಬ್ಬ ಯುವಕ ಇಂಗ್ಲಿಷ್ ಅಧ್ಯಾಪಕರಾಗಿದ್ದರು ಎಂಬುದನ್ನು ನಿನಗೆ ನೆನಪಿಸಬೇಕೆನಿಸಿತು. ನಾನು ಹೇಳುತ್ತಿರುವುದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಕವಿ, ಅನುವಾದಕ ಎ. ಕೆ. ರಾಮಾನುಜನ್ ಅವರ ವಿಷಯ.

ಅವರು ಹುಟ್ಟಿದ್ದು 1929ರಲ್ಲಿ, ಮೈಸೂರಿನ ಒಂದು ಅಯ್ಯಂಗಾರ್ ಮನೆಯಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. ಖಗೋಳವಿಜ್ಞಾನವನ್ನೂ ಜ್ಯೋತಿಷ್ಯವನ್ನೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇಟ್ಟುಕೊಂಡಿದ್ದ ಆ ತಂದೆಯನ್ನು ಕಂಡು ಮಗನಿಗೆ ಬಾಲ್ಯದಲ್ಲಿ ಬಹಳ ಗಲಿಬಿಲಿಯಾಗುತ್ತಿತ್ತು. ಮುಂದೆ ಅದನ್ನೇ ಹಿಡಿದು ಅವರು ಒಂದು ಪ್ರಸಿದ್ಧ ಪ್ರಬಂಧ ಬರೆದರು. ಮಹಡಿಯ ಮೇಲೆ ಅಪ್ಪನೊಂದಿಗೆ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ಅಮ್ಮನೊಂದಿಗೆ ತಮಿಳು, ಬಾಗಿಲು ದಾಟಿ ಬೀದಿಗೆ ಬಂದರೆ ಕನ್ನಡ. ಮೆಟ್ಟಿಲು ಹತ್ತಿ ಇಳಿಯುವ ಹುಡುಗನನ್ನು ಯಾರೂ ನಿಲ್ಲಿಸಿ, ನೀನು ಯಾವ ಅಂತಸ್ತಿನವನು ಎಂದು ಕೇಳಲಿಲ್ಲ. ನಮ್ಮ ಊರಿನಲ್ಲಿಯೂ ಇದೇನು ಅಪರೂಪವಲ್ಲವಲ್ಲ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ, ಗೆಳೆಯರೊಂದಿಗೆ ಉರ್ದು ಆಡುವ ಮಕ್ಕಳು ನನ್ನ ತರಗತಿಯಲ್ಲಿ ಎಷ್ಟೋ ಮಂದಿ ಇದ್ದರು. ಅವರ ಹಾಜರಿ ಪುಸ್ತಕದಲ್ಲಿ ಮಾತೃಭಾಷೆಗೆ ಒಂದೇ ಕಲಂ ಇತ್ತು, ಅಷ್ಟೆ.

ಕೊಲ್ಲಂ, ಬೆಳಗಾವಿ, ಬರೋಡಾ ಎಂದು ಕೆಲವು ವರ್ಷ ಇಂಗ್ಲಿಷ್ ಪಾಠ ಮಾಡಿ, 1959ರಲ್ಲಿ ಅಮೆರಿಕಕ್ಕೆ ಹೋಗಿ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. 1962ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಸೇರಿದವರು 1993ರ ಜುಲೈ 13ರಂದು ತೀರಿಕೊಳ್ಳುವವರೆಗೂ ಅಲ್ಲಿಯೇ ಅಧ್ಯಾಪಕರಾಗಿದ್ದರು. ಪದ್ಮಶ್ರೀ, ಮೆಕಾರ್ಥರ್ ಫೆಲೋಶಿಪ್ ಎಲ್ಲವೂ ಬಂದವು. ಅವು ನಿನಗೆ ಗೊತ್ತಿರುವಂಥವೇ. ನನಗೆ ಇಷ್ಟವಾಗುವುದು ಬೇರೆಯೇ ಒಂದು ಪ್ರಸಂಗ. ಷಿಕಾಗೋ ಸೇರಿದ ಹೊಸತರಲ್ಲಿ, ಒಂದು ಶನಿವಾರ, ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಾ ಅವರು ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಅಲ್ಲಿ ಕೈಗೆ ಸಿಕ್ಕಿದ್ದು ಉ. ವೇ. ಸ್ವಾಮಿನಾಥ ಅಯ್ಯರ್ ಅವರು 1937ರಲ್ಲಿ ಸಂಪಾದಿಸಿದ ‘ಕುರುಂತೊಗೈ’ ಎಂಬ ಸಂಗಂ ಕಾಲದ, ಎಂದರೆ ಪ್ರಾಚೀನ ತಮಿಳಿನ, ಕವಿತೆಗಳ ಸಂಕಲನದ ಪ್ರತಿ. ಅಡುಗೆಮನೆಯಲ್ಲಿ ಕಲಿತ ತಮಿಳಿನ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಕವಿತೆ, ಸಾವಿರಾರು ಮೈಲಿ ದೂರದ ನೆಲಮಾಳಿಗೆಯಲ್ಲಿ ಆ ಕನ್ನಡ ಕವಿಗಾಗಿ ಕಾದು ಕುಳಿತಿತ್ತು. ಅಲ್ಲಿಂದ ಮುಂದೆ ಸಂಗಂ ಕಾವ್ಯವನ್ನು ಇಂಗ್ಲಿಷಿಗೆ ತರುವುದು ಅವರ ಜೀವಮಾನದ ಕೆಲಸವಾಯಿತು. ಹಾಗೆಂದು ಕನ್ನಡದ ನೋಟ್‌ಬುಕ್ ಮುಚ್ಚಲಿಲ್ಲ. ಮೊದಲ ಇಂಗ್ಲಿಷ್ ಕವನಸಂಕಲನ ಬಂದದ್ದು 1966ರಲ್ಲಿ, ಕನ್ನಡದ ಕವನಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂದದ್ದು 1969ರಲ್ಲಿ.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಶಿಕಾರಿಪುರದ ಕಡೆ ಕನ್ನಡ ಟೀಚರಾಗಿದ್ದಷ್ಟು ವರ್ಷವೂ ನಾನು ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ’ ಎಂಬ ವಚನವನ್ನು ಪಾಠ ಮಾಡಿದ್ದೇನೆ. ಪ್ರತಿ ವರ್ಷವೂ ಬೋರ್ಡಿನ ಮೇಲೆ ‘ಮಾಡುವರು ಎಂದರೆ ಕಟ್ಟಿಸುವರು’ ಎಂದು ಅರ್ಥ ಬರೆದಿದ್ದೇನೆ. ನೀನು ಎಂ.ಎ. ಓದುವಾಗ ಮನೆಗೆ ತಂದಿಟ್ಟ ರಾಮಾನುಜನ್‌ರ ವಚನಾನುವಾದವನ್ನು, ಅದು 1973ರಲ್ಲಿ ಬಂದದ್ದು, ನಿವೃತ್ತಿಯಾದ ಮೇಲೆ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಅವರು ‘ಬಿಲ್ಡ್’ ಎಂದು ಬರೆದಿರಲಿಲ್ಲ, ‘ಮೇಕ್’ ಎಂದು ಬರೆದಿದ್ದರು. ಉಳ್ಳವರು ಗುಡಿಯನ್ನು ಮಾಡಬಲ್ಲರು, ತಾವೇ ಗುಡಿಯಾಗಲಾರರು. ಮಾಡುವುದಕ್ಕೂ ಆಗುವುದಕ್ಕೂ ಇರುವ ಈ ಅಂತರವೇ ಆ ವಚನದ ಜೀವ ಎಂಬುದನ್ನು ಅವರು ಮುನ್ನುಡಿಯಲ್ಲಿ ಬಿಡಿಸಿ ತೋರಿಸಿದ್ದರು. ‘ಮಾಡುವರು’ ಮತ್ತು ‘ಮಾಡುವೆ’ ಎಂಬ ಎರಡು ಮಾತುಗಳ ನಡುವೆ ಬಸವಣ್ಣ ಕಟ್ಟಿದ್ದ ದಾರವನ್ನು ನಾನು ವರ್ಷ ವರ್ಷವೂ ಸೀಮೆಸುಣ್ಣದಲ್ಲಿ ಕತ್ತರಿಸುತ್ತಾ ಬಂದಿದ್ದೆ. ಇಂಗ್ಲಿಷಿನಲ್ಲಿ ಎರಡನೆಯ ಕಡೆ ಅವರಿಗೂ ‘ಡೂ’ ಎಂದೇ ಹೇಳಬೇಕಾಯಿತು, ಆ ದಾರ ಅಲ್ಲಿಯೂ ಪೂರ್ತಿ ಉಳಿಯಲಿಲ್ಲ. ಆದರೆ ಅದು ಎಲ್ಲಿ ಹರಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಇನ್ನು ಅಕ್ಕಮಹಾದೇವಿ. ಅಕ್ಕನ ಊರಾದ ಉಡುತಡಿಯೂ, ಅಲ್ಲಮನ ಊರೆಂದು ಪರಂಪರೆ ಹೇಳುವ ಬಳ್ಳಿಗಾವಿಯೂ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇವೆ. ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಎರಡನ್ನೂ ತೋರಿಸಿದ್ದೇನೆ. ಆದರೂ ‘ಚೆನ್ನಮಲ್ಲಿಕಾರ್ಜುನ’ ಎಂಬುದು ನಮ್ಮ ಕಿವಿಗೆ ವಚನದ ಕೊನೆಯಲ್ಲಿ ಒತ್ತುವ ಮೊಹರಿನಂತಾಗಿಬಿಟ್ಟಿತ್ತು. ರಾಮಾನುಜನ್ ಆ ಅಂಕಿತವನ್ನು ‘ಮಲ್ಲಿಗೆಯಷ್ಟು ಬೆಳ್ಳಗಿನ ಒಡೆಯ’ ಎಂಬರ್ಥ ಬರುವಂತೆ ಇಂಗ್ಲಿಷಿಗೆ ತಿರುಗಿಸಿದರು. ಅರ್ಜುನ ಎಂದರೆ ಬಿಳುಪು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ನಿಘಂಟಿನಲ್ಲಿಯೇ ಇದೆ. ಆದರೂ ಇಂಗ್ಲಿಷಿನ ದಾರಿಯಿಂದ ಸುತ್ತಿ ಬಂದ ಮೇಲೆಯೇ ಆ ಹೆಸರಿನ ಪರಿಮಳ ನನಗೆ ತಾಗಿತು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಅವರನ್ನು ಒಪ್ಪದವರೂ ಇದ್ದಾರೆ, ಅವರ ಮಾತನ್ನೂ ನೀನು ಓದಬೇಕು. ವಚನಗಳನ್ನು ಅವರು ಪಶ್ಚಿಮದ ಆಧುನಿಕ ಕಿರುಗವಿತೆಗಳಂತೆ ಸಾಲು ಮುರಿದು ಕೂರಿಸಿದರು, ಒಂದು ಸಮುದಾಯದ ದನಿಯನ್ನು ಒಬ್ಬಂಟಿ ಬಂಡಾಯಗಾರನ ದನಿಯಾಗಿಸಿದರು ಎಂಬ ಆಕ್ಷೇಪ ಇದೆ. ವಿಮರ್ಶಕಿ ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಪುಸ್ತಕದಲ್ಲಿ ಈ ಅನುವಾದಗಳನ್ನು ಕಟುವಾಗಿಯೇ ಪ್ರಶ್ನಿಸಿದ್ದಾರೆ. ನನಗೂ ‘ಉಳ್ಳವರು’ ಎಂಬುದಕ್ಕೆ ‘ರಿಚ್’ ಸಾಲದು ಎನಿಸುತ್ತದೆ. ಉಳ್ಳವರೆಂದರೆ ಬರೀ ಹಣವಂತರಲ್ಲ, ‘ಇದೆ’ ಎಂಬುದೇ ತಲೆಗೇರಿದವರು. ಆದರೆ ಈ ಜಗಳವನ್ನು ನಾನು ಅಡುಗೆಮನೆಯಲ್ಲಿ ನಿಂತು ಅವರೊಡನೆ ಆಡುವಂತಾದದ್ದು ಅವರು ಅನುವಾದ ಮಾಡಿದ್ದರಿಂದಲೇ ಅಲ್ಲವೇ?

ಇಲ್ಲಿಂದ ಹೆಚ್ಚು ದೂರವಿಲ್ಲದ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದವರೂ ರಾಮಾನುಜನ್ ಅವರೇ. ನಮ್ಮ ಅಗ್ರಹಾರದ ಮಡಿ ಮೈಲಿಗೆಗಳನ್ನು ಹೊರಗಿನವರಿಗೆ ತಿಳಿಯುವಂತೆ ಹೇಳುವ ಕಷ್ಟ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಬೆಳಗಾವಿಯ ಮಾತಿಗೇ ಬರುತ್ತೇನೆ. ಪಂಡಿತರು ಹಸ್ತಪ್ರತಿಗಳನ್ನು ಹುಡುಕಿಕೊಂಡು ಹೋಗುವಂತೆ ರಾಮಾನುಜನ್ ಹೆಂಗಸರ ಬಾಯಲ್ಲಿದ್ದ ಕತೆಗಳನ್ನು ಹುಡುಕಿಕೊಂಡು ಹೋದರು. ಆ ಕೆಲಸ ಅವರು ನಿನ್ನಂತೆ ಎಳೆಯ ಅಧ್ಯಾಪಕರಾಗಿದ್ದಾಗಲೇ ಆರಂಭವಾಗಿತ್ತು. ಅವುಗಳಲ್ಲಿ ಒಂದು, ಕತೆಯೊಂದನ್ನೂ ಹಾಡೊಂದನ್ನೂ ಬಲ್ಲ ಹೆಂಗಸಿನ ಕತೆ. ಅವಳು ಎರಡನ್ನೂ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಉಸಿರುಗಟ್ಟಿದ ಕತೆ ಒಂದು ದಿನ ಹೊರಗೆ ಬಂದು ಬಾಗಿಲಲ್ಲಿ ಗಂಡಸಿನ ಜೋಡಾಗಿ ಕುಳಿತಿತು, ಹಾಡು ಕೋಟಾಗಿ ಗೂಟಕ್ಕೆ ತೂಗಿಕೊಂಡಿತು. ಗಂಡ ಅನುಮಾನಪಟ್ಟು ಜಗಳವಾಡಿ ಹನುಮಂತರಾಯನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಜ್ಯೋತಿಗಳೆಲ್ಲ ಆ ಗುಡಿಯಲ್ಲಿ ಸೇರಿ ಮಾತಾಡುತ್ತಿದ್ದವು. ತಡವಾಗಿ ಬಂದ ಅವನ ಮನೆಯ ಜ್ಯೋತಿ ನಡೆದದ್ದನ್ನೆಲ್ಲ ಹೇಳಿತು. ಅವನು ಮನೆಗೆ ಬಂದು ಆ ಕತೆ ಯಾವುದು, ಹಾಡು ಯಾವುದು ಎಂದು ಕೇಳಿದರೆ ಅವಳಿಗೆ ಎರಡೂ ಮರೆತುಹೋಗಿದ್ದವು.

ನಿನ್ನೆ ರಾತ್ರಿ ಕರೆಂಟು ಹೋಗಿದ್ದಾಗ ಇದನ್ನು ನಿನ್ನ ಅಜ್ಜಿಗೆ ಹೇಳಿದೆ. ಅರ್ಧಕ್ಕೇ ತಡೆದು, ಕೋಟಲ್ಲ, ಅದು ಕಂಬಳಿಕೊಪ್ಪೆ, ಅದೂ ಒದ್ದೆ ಕೊಪ್ಪೆ, ಮಳೆಗಾಲದಲ್ಲಿ ಯಾರ ಮನೆಯಲ್ಲಿ ಕೋಟು ತೂಗುತ್ತಿತ್ತು ಎಂದು ನನ್ನನ್ನೇ ಗದರಿಸಿದರು. ಅವರ ಕತೆಯಲ್ಲಿ ಗುಡಿಯೂ ಬೇರೆ, ಕೊನೆಯೂ ಬೇರೆ. ನಾನು ಫೋನು ತೆಗೆದು ರೆಕಾರ್ಡ್ ಮಾಡಲು ಹಿಡಿದ ಕೂಡಲೇ, ಮುಂದಿನದು ನೆನಪಿಲ್ಲ ಎಂದು ಗೋಡೆಯ ಕಡೆ ಮಗ್ಗುಲಾದರು. ದೀಪಾವಳಿಗೆ ಬರುವಾಗ ಇಂಗ್ಲಿಷಿನದು, ಕನ್ನಡದ್ದು, ನಿನ್ನ ಎರಡೂ ನೋಟ್‌ಬುಕ್ ತೆಗೆದುಕೊಂಡು ಬಾ. ಬಂದವಳು ಫೋನನ್ನು ಒಳಗಿಟ್ಟು, ಅಜ್ಜಿಯ ಕವಳದ ತಟ್ಟೆಯ ಪಕ್ಕ ಕುಳಿತು, ಆ ಕೊಪ್ಪೆ ಆಮೇಲೆ ಏನಾಯಿತು ಎಂದು ಕೇಳು.

ನಿನ್ನ
ಅಮ್ಮ