ನಾಲ್ಕುನಾಡು ಅರಮನೆಯ ಕಥೆ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ಮಡಿಕೇರಿಯಲ್ಲಿ ಹುಟ್ಟಿ ಬೆಳೆದು, ಕೆಲಸಕ್ಕೆಂದು ಮೈಸೂರು ಸೇರಿದವನು ನಾನು. ಮೊನ್ನೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ವಾಹನ ಜಾಸ್ತಿಯಾಗಿದೆ, ಹೋಂಸ್ಟೇ ಬೋರ್ಡುಗಳೂ ಜಾಸ್ತಿಯಾಗಿವೆ. ಆದರೆ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ನೋಡಿ ತುಂಬಾ ಖುಷಿಯಾಯಿತು. ನಮ್ಮ ಕಾಲದಲ್ಲಿ ಅದು ಆರ್‌ಟಿಓ ಕಚೇರಿ. ಲೈಸೆನ್ಸಿಗೆ ಹೋದವರಿಗೆ ಅದು ಯಾರ ಮನೆ ಎಂಬ ನೆನಪೂ ಬರುತ್ತಿರಲಿಲ್ಲ. 2021ರಿಂದ ಅದು ಮ್ಯೂಸಿಯಂ. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಿರುವಾಗಲೇ ತೀರಿಕೊಂಡ ಆ ಸೇನಾನಿಯ ಬದುಕು ಅಲ್ಲಿ ಮಕ್ಕಳಿಗೂ ಅರ್ಥವಾಗುತ್ತದೆ.

ಮರುದಿನ ನಾಪೋಕ್ಲು, ಕಕ್ಕಬ್ಬೆ ದಾರಿಯಲ್ಲಿ ನಾಲ್ಕುನಾಡು ಅರಮನೆಗೆ ಹೋದೆವು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ ಅರಮನೆ ಇದು. ಶತ್ರು ಸುಲಭಕ್ಕೆ ಬರಲಾಗದ ಕಾಡಿನ ಜಾಗ ಅಂತಲೇ ಆರಿಸಿದ್ದು. ಹೊರಗಿನಿಂದ ನೋಡಿದರೆ ಹೆಂಚಿನ ದೊಡ್ಡ ಮನೆಯಂತೆ ಕಾಣುತ್ತದೆ. ಮುಂದೆ ರಾಜನ ಮದುವೆಗೆ ಕಟ್ಟಿದ ಚಿಕ್ಕ ಮಂಟಪವಿದೆ. ಒಳಗೆ ಕಾಲಿಟ್ಟರೆ ಕೆತ್ತನೆಯ ಮರದ ಕಂಬಗಳು, ಗೋಡೆಯ ಮೇಲೆ ಬಣ್ಣದ ಚಿತ್ರಗಳು, ಬೆಳಕೇ ಬೀಳದ ಕೋಣೆಗಳು. 1834ರಲ್ಲಿ ಬ್ರಿಟಿಷ್ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಸೇರಿದ್ದು ಇಲ್ಲಿಗೇ. ಆಮೇಲೆ ರಾಜ್ಯ ಹೋಯಿತು, ಅವನನ್ನು ಕಾಶಿಗೆ ಕಳಿಸಿದರು. ಮುಂದೆ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, ಲಂಡನ್ನಿನಲ್ಲೇ ತೀರಿಕೊಂಡ.

ಇಷ್ಟು ದೊಡ್ಡ ಕಥೆ ಇರುವ ಮನೆಯಲ್ಲಿ ನಾವಿದ್ದಷ್ಟು ಹೊತ್ತು ಬಂದವರೆಲ್ಲ ಸುಮ್ನೆ ಒಂದು ಸುತ್ತು ಹಾಕಿ, ಸೆಲ್ಫಿ ತೆಗೆದುಕೊಂಡು ಬೆಟ್ಟ ಹತ್ತಲು ಹೊರಟರು. ಅವರನ್ನು ದೂರಿ ಏನು ಪ್ರಯೋಜನ? ಕಥೆ ಗೊತ್ತಿದ್ದರೆ ತಾನೇ ನಿಂತು ನೋಡುವುದು. ನನ್ನ ಹೊಟ್ಟೆ ಉರಿಸಿದ್ದು ಬೇರೆ. ಇನ್ನೂರು ವರ್ಷ ದಾಟಿದ ಚಿತ್ರದ ಪಕ್ಕದಲ್ಲೇ ಯಾರೋ ಬೀಗದ ಕೈಯಿಂದಲೋ ಮೊಳೆಯಿಂದಲೋ ಎರಡು ಹೆಸರು ಗೀಚಿ, ನಡುವೆ ಹೃದಯ ಬರೆದಿದ್ದರು. ಗೀರು ಬಣ್ಣ ದಾಟಿ ಗಾರೆಯವರೆಗೆ ಇಳಿದಿತ್ತು. ಇದನ್ನು ಮತ್ತೆ ಮೊದಲಿನಂತೆ ಮಾಡಲು ಆಗುತ್ತಾ? ಕೊಡಗಿನ ಅರಸರ ಕಾಲದ ಇಂಥ ಗೋಡೆಚಿತ್ರ ನಮಗೆ ಉಳಿದಿರುವುದೇ ಕಡಿಮೆ.

ಮಡಿಕೇರಿಯ ಒಂದು ಮನೆಗೆ ಸಿಕ್ಕ ಕಾಳಜಿ ಕಕ್ಕಬ್ಬೆಯ ಈ ಅರಮನೆಗೂ ಸಿಗಬೇಕು. ಸುತ್ತಲಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಗೈಡ್ ಮಾಡಿದರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ. ಅಜ್ಜ ಅಜ್ಜಿಯರಿಂದ ಕೇಳಿದ್ದನ್ನು ಅವರಷ್ಟು ಚೆನ್ನಾಗಿ ಹೊರಗಿನವರು ಹೇಳಲಾರರು, ಅಲ್ವಾ? ಟಿಕೆಟ್ ಇಟ್ಟರೆ ಕೊಡಲು ನಮ್ಮಂಥವರು ಸಿದ್ಧರಿದ್ದೇವೆ. ಆದರೆ ಚಿತ್ರಗಳಿಗೆ ಕೈ ತಾಗದಂತೆ ಅಡ್ಡ ಕಂಬಿ ಹಾಕಿಸುವ ಕೆಲಸವನ್ನಾದರೂ ಮುಂದಿನ ಮಳೆಗಾಲಕ್ಕೆ ಮೊದಲೇ ಮಾಡಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

— ಮಡಿಕೇರಿ ಮೂಲದ ಓದುಗ, ಮೈಸೂರು