ಚೆಂಡುಹೂವಿನ ಅಕ್ಕನಿಗೆ ಥ್ಯಾಂಕ್ಸ್

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ, ಚಿಕ್ಕಗಡಿಯಾರದ ಕಡೆ ಚೆಂಡುಹೂ ಮಾರುತ್ತಿದ್ದ ಅಕ್ಕನಿಗೆ ಈ ಥ್ಯಾಂಕ್ಸ್. ಹೆಸರು ಕೇಳುವಷ್ಟು ಪುರುಸೊತ್ತು ಅವತ್ತು ಇಬ್ಬರಿಗೂ ಇರಲಿಲ್ಲ.

ಈ ದಸರಾದಲ್ಲಿ ಊರಿನ ಹಳದಿ ಬಣ್ಣವನ್ನಷ್ಟೇ ಫೋಟೊ ತೆಗೆಯೋಣ ಅಂತ ಹೊರಟಿದ್ದೆ. ದಸರಾದಲ್ಲಿ ಹಳದಿಗೇನು ಬರ, ಅಲ್ವಾ? ಅರಿಸಿನದ ಗುಡ್ಡೆ, ಬಾಳೆಗೊನೆ, ಪೂಜೆಗೆ ತೊಳೆದು ನಿಲ್ಲಿಸಿದ ಆಟೊಗಳ ಟಾಪು, ರಾತ್ರಿಯಾದರೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು. ಆದರೆ ಚೆಂಡುಹೂವು ಕ್ಯಾಮೆರಾಗೆ ಸುಲಭಕ್ಕೆ ಸಿಗುವುದಿಲ್ಲ. ನೆತ್ತಿಯ ಬಿಸಿಲಲ್ಲಿ ಎಸಳೆಲ್ಲ ಸೇರಿ ಹಳದಿ ಮುದ್ದೆ ಆಗಿಬಿಡುತ್ತದೆ. ನೀಲಿ ಟಾರ್ಪಾಲಿನ ಕೆಳಗೆ ಅದೇ ಹೂವು ಹಸಿರು ತಿರುಗಿ ಬಾಡಿದ ಹಾಗೆ ಕಾಣುತ್ತದೆ.

ಅಕ್ಕ ಮಾರು ಅಳೆಯುತ್ತಲೇ ನನ್ನನ್ನು ನೋಡುತ್ತಿದ್ದರು. "ನೀಲಿ ಕೆಳಗೆ ಗಿರಾಕೀನೇ ಹೂ ಮುಟ್ಟಲ್ಲ ಕಣಪ್ಪ, ನಿನ್ ಕ್ಯಾಮೆರಾ ಏನ್ ಮಾಡ್ತದೆ?" ಅಂದರು. ಟಾರ್ಪಾಲಿನ ಒಂದು ಮೂಲೆಯ ಹಗ್ಗ ಬಿಚ್ಚಿ ಮಡಚಿದರು. ಅಲ್ಲಿಗೆ ಹಳೇ ಬಿಳಿ ಪಂಚೆಯೊಂದನ್ನು ಎಳೆದು ಕಟ್ಟಿದರು. ಬೆಳಕು ಸೋಸಿಕೊಂಡು ಇಳಿಯಿತು ನೋಡಿ! ಒಂದೊಂದು ಎಸಳಿನ ಸುಕ್ಕು, ಅಂಚು, ಚಿಮುಕಿಸಿದ ನೀರಿನ ಹನಿ ಎಲ್ಲವೂ ಬಿಡಿಬಿಡಿಯಾಗಿ ಬಂತು.

ಹಬ್ಬದ ವ್ಯಾಪಾರದ ಹೊತ್ತಲ್ಲಿ ಇಷ್ಟೆಲ್ಲ ಯಾರು ಮಾಡುತ್ತಾರೆ? ಹಿಂದೆ ನಿಂತವರು ಗೊಣಗಿದರೆ "ಇರಿ ಸ್ವಾಮಿ, ಹೂವೇನು ಓಡೋಗಲ್ಲ" ಅಂತ ಅವರನ್ನೇ ಸುಮ್ನಿರಿಸಿದರು.

ಅಕ್ಕಾ, ಆ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ದೀಪಾವಳಿಗೆ ಅಲ್ಲೇ ಕೂತಿರುತ್ತೀರಿ ಅಂದುಕೊಂಡಿದ್ದೇನೆ, ತಂದುಕೊಡುತ್ತೇನೆ.